ನವೆಂಬರ್ ಚಕ್ರವರ್ತಿ

2022ರ ನವೆಂಬರ್, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ರಾತ್ರಿ, ಬಿಸಿಬೇಳೆಭಾತ್ ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ. ಅಷ್ಟರಲ್ಲಿ ನಮ್ಮ ಶ್ಯಾನುಭೋಗರು ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಪಟ್ಟಿ ತೋರಿಸಿಯೇಬಿಟ್ಟರು. ಹಾಸನದ ಗೆಳೆಯ ಒಂದನೇ ಸ್ಥಾನ. ನಾನು ಒಂಬತ್ತು.

ಶ್ಯಾನುಭೋಗರು ಎಂಬುದು ಅಡ್ಡಹೆಸರು. ಉತ್ತರ ಕೆರೊಲಿನಾದಲ್ಲಿ ಹನ್ನೆರಡು ಮಂದಿ ಕನ್ನಡಿಗರು ಸೇರಿ ಕಾಲೇಜು ಬಾಸ್ಕೆಟ್‌ಬಾಲ್ ಮೇಲೆ ಕಟ್ಟಿಕೊಂಡ ಬಾಜಿಯ ಪೂಲಿಗೆ ಎಕ್ಸೆಲ್ ಬರೆಯುವವರು ಅವರು. ತಲಾ 20 ಡಾಲರ್, ತಲಾ ನಾಲ್ಕು ಟೀಮು. ಗೆದ್ದ ಪಂದ್ಯಕ್ಕೆ ಒಂದಂಕ, ಮಾರ್ಚಿನ ರಾಷ್ಟ್ರೀಯ ಟೂರ್ನಿಯಲ್ಲಿ ಗೆದ್ದರೆ ಹತ್ತು. ಅಂದರೆ ನವೆಂಬರಿನ ಅಂಕಕ್ಕೆ ಬೆಲೆ ಎಷ್ಟು ಅಂತ ನಿಯಮದಲ್ಲೇ ಬರೆದಿದೆ. ಆ ನಿಯಮ ಬರೆದವರೇ ಪಟ್ಟಿಯ ಮೊದಲ ಸಾಲಿಗೆ ಬಂಗಾರದ ಬಣ್ಣ ಬಳಿದಿದ್ದರು.

ಆ ದಿನ ಊರವರೆಲ್ಲ ಟರ್ಕಿ ಕೋಳಿ ಕೊಚ್ಚುತ್ತಾರೆ. ನಮ್ಮ ಹಾಸನದವನು ಕೊಚ್ಚಿಕೊಂಡ. ಮೈಮೇಲೆ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾದ ತಿಳಿನೀಲಿ ಟೀ ಶರ್ಟು. "ಗುರೂ, ಆಟ ನೋಡೋಕೆ ಒಂದು ಕಣ್ಣು ಬೇಕು, ಎಲ್ಲರಿಗೂ ಬರಲ್ಲ ಅದು" ಅಂದ. ಉಪ್ಪಿನಕಾಯಿ ಬಡಿಸುತ್ತಿದ್ದ ಅವನ ಹೆಂಡತಿ, ಟಿವಿಯಲ್ಲಿ ತಗುಲಿಹಾಕಿದ್ದ ಪಟ್ಟಿಯನ್ನು ಒಂದು ನಿಮಿಷ ನೋಡಿ, "ಏನ್ರೀ, ಒಂದರಿಂದ ಒಂಬತ್ತರ ತನಕ ಎಲ್ಲರಿಗೂ ಒಂದೇ ಅಂಕ ಇದೆಯಲ್ಲ?" ಅಂದರು.

ಇತ್ತು. ನಾವು ಒಂಬತ್ತೂ ಮಂದಿ ಒಂದೇ ಕಡೆಯಿಂದ ಕಾಪಿ ಹೊಡೆದಿದ್ದೆವು. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಗಾಗಿ ದೇಶದ ಅರವತ್ತು ಚಿಲ್ಲರೆ ಕ್ರೀಡಾ ಪತ್ರಕರ್ತರು ಮತ ಹಾಕಿ ಮೊದಲ 25 ತಂಡಗಳನ್ನು ಹೆಸರಿಸುತ್ತಾರೆ. ವರ್ಷದ ಮೊದಲ ಪಟ್ಟಿ ಬರುವುದು ಅಕ್ಟೋಬರಿನಲ್ಲಿ, ಒಬ್ಬನೂ ಒಂದು ಬುಟ್ಟಿಗೂ ಚೆಂಡು ಹಾಕುವ ಮೊದಲು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೇವೆ. ಇವರು ಕುಲಾವಿ ಹೊಲಿಸಿ, ಇಪ್ಪತ್ತೈದು ಕೂಸುಗಳಿಗೆ ಪಿಯುಸಿ ರ‍್ಯಾಂಕೂ ಕೊಟ್ಟುಬಿಡುತ್ತಾರೆ. ಆ ವರ್ಷದ ಮೊದಲ ನಾಲ್ಕು ನಾರ್ತ್ ಕೆರೊಲಿನಾ, ಗೊನ್ಝಾಗಾ, ಹ್ಯೂಸ್ಟನ್, ಕೆಂಟುಕಿ. ನಮ್ಮ ಒಂಬತ್ತು ಮಂದಿಯ ಸ್ವತಂತ್ರ ಚಿಂತನೆಯ ಫಲವೂ ಅದೇ ನಾಲ್ಕು.

ಹಾಗಾದರೆ ಒಂದನೇ ಸ್ಥಾನ ಬಂದದ್ದೆಲ್ಲಿಂದ? ಅಂಕ ಸಮವಾದಾಗ ಎಕ್ಸೆಲ್ ಹೆಸರಿನ ಅಕ್ಷರ ನೋಡಿ ಜೋಡಿಸಿತ್ತು. ಹಾಸನದವನ ಹೆಸರು ಇಂಗ್ಲಿಷಿನ 'ಎ'ಯಿಂದ ಶುರು, ನನ್ನದು 'ವಿ'ಯಿಂದ. ಅವನ ಆ ಕಣ್ಣು ಎನ್ನುವುದು ಅವರಪ್ಪ ನಾಮಕರಣದ ದಿನ ತೊಟ್ಟಿಲ ಬಳಿ ಮಾಡಿದ ಉಪಕಾರ. ಇದನ್ನು ಬಾಯಿಬಿಟ್ಟು ಹೇಳಿದೆ. "ಹೊಟ್ಟೆಕಿಚ್ಚು ಬಿಡಯ್ಯ, ತಗೋ ಬೂಂದಿ" ಅಂದ. ಸಮಾಂಕ ನಿವಾರಣೆಗೆ ಮೂವರ ಉಪಸಮಿತಿ ರಚನೆಯಾಯಿತು. ಹೊರದೇಶದಲ್ಲಿ ಮೂವರು ಕನ್ನಡಿಗರು ಒಂದು ಸೋಫಾದ ಮೇಲೆ ಕೂತರೆ ಅದು ಆಗುವುದೇ ಹಾಗೆ. ಅಧ್ಯಕ್ಷತೆ ಒಂದನೇ ಸ್ಥಾನದವನಿಗೆ.

ಇನ್ನು ಆ ನವೆಂಬರ್ ಗೆಲುವುಗಳೇನು ಎಂಬುದನ್ನೂ ಹೇಳಿಬಿಡಬೇಕು. ಡಿವಿಷನ್ ಒನ್ ಎಂಬ ಮೇಲ್ದರ್ಜೆಯಲ್ಲಿ 360ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಋತುವಿನ ಆರಂಭದಲ್ಲಿ ದೊಡ್ಡ ಕಾಲೇಜು ಚಿಕ್ಕ ಕಾಲೇಜಿಗೆ ಚೆಕ್ ಬರೆಯುತ್ತದೆ. "ನಮ್ಮಲ್ಲಿಗೆ ಬನ್ನಿ, ನಮ್ಮ ಜನರೆದುರು ಸೋಲಿ, ದುಡ್ಡು ತಗೊಂಡು ಹೋಗಿ" ಎಂಬುದು ಒಪ್ಪಂದದ ಸಾರ. ಇದಕ್ಕೆ ಇಲ್ಲಿ ಬೈ ಗೇಮ್, ಅಂದರೆ ಕೊಂಡ ಪಂದ್ಯ, ಅನ್ನುತ್ತಾರೆ, ಯಾರೂ ಮುಚ್ಚಿಡುವುದಿಲ್ಲ. ದೊಡ್ಡವರಿಗೆ ಗೆಲುವು, ಚಿಕ್ಕವರಿಗೆ ವರ್ಷದ ಖರ್ಚು. ನಮ್ಮ ಕಡೆ ಬೀಗರನ್ನು ಕರೆದು ಊಟ ಹಾಕುತ್ತಾರೆ, ಇಲ್ಲಿ ಕರೆದು ಮೂವತ್ತು ಅಂಕದಲ್ಲಿ ಬಡಿಯುತ್ತಾರೆ. ಆ ಬಡಿತವನ್ನು ಎಕ್ಸೆಲ್‌ಗೆ ಇಳಿಸಿಕೊಂಡು ನಾವು ದೂರದೃಷ್ಟಿ ಅನ್ನುತ್ತೇವೆ.

ಒಮ್ಮೊಮ್ಮೆ ಬೀಗರು ಎಲೆಯನ್ನೇ ಮಗುಚುವುದುಂಟು. 2019ರ ನವೆಂಬರ್ 12ರಂದು ದೇಶಕ್ಕೇ ನಂಬರ್ ಒನ್ ಆಗಿದ್ದ ಕೆಂಟುಕಿ, 90,000 ಡಾಲರ್ ಕೊಟ್ಟು ಕರೆಸಿಕೊಂಡಿದ್ದ ಎವನ್ಸ್‌ವಿಲ್ ಎದುರು ತನ್ನದೇ ರಪ್ ಅರೆನಾದಲ್ಲಿ 67-64ರಿಂದ ಸೋತಿತು. ದುಡ್ಡೂ ಹೋಯಿತು, ಪಂದ್ಯವೂ ಹೋಯಿತು. ಹಾಗಾದರೆ ಎವನ್ಸ್‌ವಿಲ್ ಮಹಾ ತಂಡವೇ? ಅದೇ ಋತುವಿನಲ್ಲಿ ತನ್ನ ಲೀಗಿನ ಹದಿನೆಂಟೂ ಪಂದ್ಯ ಸೋತು ಕೂತಿತು. ನವೆಂಬರಿನಲ್ಲಿ ಯಾರನ್ನು ನೋಡಿ ಏನು ತಿಳಿದುಕೊಳ್ಳಬೇಕೋ, ನೀವೇ ಹೇಳಿ.

ನಮ್ಮ ಚಕ್ರವರ್ತಿಯ ನಿಶ್ಚಿಂತೆಯ ಆಳ್ವಿಕೆ ಒಂದು ರಾತ್ರಿ ನಡೆಯಿತು. ಆ ಗುರುವಾರಕ್ಕೆ ನಾರ್ತ್ ಕೆರೊಲಿನಾ ಐದಕ್ಕೆ ಐದು ಗೆದ್ದಿತ್ತು. ಶುಕ್ರವಾರ ಅಯೋವಾ ಸ್ಟೇಟ್ ಎದುರು 70-65ರಿಂದ ಬಿತ್ತು. ಭಾನುವಾರ ಅಲಬಾಮಾ ಜೊತೆ ಒಂದಲ್ಲ, ಎರಡಲ್ಲ, ನಾಲ್ಕು ಓವರ್‌ಟೈಮ್ ಆಡಿ 103-101ಕ್ಕೆ ಸೋತಿತು. ಅಷ್ಟೂ ಹೊತ್ತು ಇವನು ಎದ್ದು ನೀರನ್ನೂ ಕುಡಿಯಲಿಲ್ಲವಂತೆ. ಆಮೇಲೆ ಇಂಡಿಯಾನಾ, ಆಮೇಲೆ ವರ್ಜೀನಿಯಾ ಟೆಕ್. ಸಾಲಾಗಿ ನಾಲ್ಕು ಸೋಲು. ಅಕ್ಟೋಬರಿನ 25ರ ಪಟ್ಟಿಯಲ್ಲಿ ಹೆಸರೇ ಇರದಿದ್ದ ಪರ್ಡ್ಯೂ ಡಿಸೆಂಬರ್ ನಡುವಿನ ಹೊತ್ತಿಗೆ ನಂಬರ್ ಒನ್ ಆಯಿತು. ಪತ್ರಕರ್ತರು ಹಳೇ ಪಟ್ಟಿ ಹರಿದು ಅಷ್ಟೇ ಗಂಭೀರವಾಗಿ ಹೊಸದು ಬರೆದರು. ನಮ್ಮ ಗ್ರೂಪಿನಲ್ಲಿ ಮಾತ್ರ ಬಂಗಾರದ ಬಣ್ಣದ ಸಾಲು ಅಲ್ಲಾಡಲಿಲ್ಲ. ಒಂಬತ್ತೂ ಮಂದಿ ಒಟ್ಟಿಗೇ ಬಿದ್ದೆವಲ್ಲ, ಬೀಳುವಾಗಲೂ 'ಎ' ಮುಂದೆ, 'ವಿ' ಹಿಂದೆ.

ಮಾರ್ಚ್ ಬಂತು. ಟೂರ್ನಿಗೆ 68 ತಂಡಗಳ ಹೆಸರು ಓದಿದರು. ತಿಳಿನೀಲಿಯವರ ಹೆಸರು ಬರಲೇ ಇಲ್ಲ. 1985ರಲ್ಲಿ ಟೂರ್ನಿ 64 ತಂಡಗಳಿಗೆ ಬೆಳೆದಾಗಿನಿಂದ, ಋತು ಶುರುವಾಗುವಾಗ ಒಂದನೇ ಸ್ಥಾನದಲ್ಲಿದ್ದ ತಂಡಕ್ಕೆ ಬಾಗಿಲೇ ತೆರೆಯದ್ದು ಅದೇ ಮೊದಲು. ಒಂದನೇ ಶ್ರೇಯಾಂಕದ ಪರ್ಡ್ಯೂವನ್ನು ಕಟ್ಟಕಡೆಯ, ಹದಿನಾರನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ 63-58ಕ್ಕೆ ಮನೆಗೆ ಕಳಿಸಿತು. ಕಡೆಗೆ ಕಪ್ ಎತ್ತಿದ್ದು ಯೂಕಾನ್, ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯ. ಅದೂ ಅಕ್ಟೋಬರಿನ 25ರಲ್ಲಿ ಇರಲಿಲ್ಲ. ನಮ್ಮ ಪೂಲಿನ 240 ಡಾಲರ್ ಹೋದದ್ದು ನವೆಂಬರಿನಲ್ಲಿ ಹನ್ನೊಂದನೇ ಸ್ಥಾನದಲ್ಲಿದ್ದ ದಾವಣಗೆರೆಯವರಿಗೆ. ಅವರು ಮಯಾಮಿಯನ್ನು ಆರಿಸಿದ್ದರು. ಕಾರಣ ಕೇಳಿದರೆ, "ಮಗ ಅಲ್ಲೇ ಓದ್ತಾನಲ್ರೀ, ಅಷ್ಟು ಫೀಸ್ ಕಟ್ಟೀನಿ, ಒಂದು ರೂಪಾಯಿನಾದ್ರೂ ವಾಪಸ್ ಬರಲಿ ಅಂತ." ಮಯಾಮಿ ಕೊನೆಯ ನಾಲ್ಕರ ತನಕ ಬಂದು ಅಷ್ಟು ವಾಪಸ್ ಕೊಟ್ಟಿತು.

ಏಪ್ರಿಲ್ 3ರ ರಾತ್ರಿ ಫೈನಲ್ ಮುಗಿಯಿತು. ಯೂಕಾನ್ ಹುಡುಗರು ಏಣಿ ಹತ್ತಿ ಬುಟ್ಟಿಯ ಬಲೆ ಕತ್ತರಿಸುತ್ತಿದ್ದರು. ಇಲ್ಲಿ ಇನ್ನೊಂದು ಸಂಪ್ರದಾಯವಿದೆ: ಫೈನಲ್ ಮುಗಿದ ರಾತ್ರಿಯೇ ಕ್ರೀಡಾ ವಾಹಿನಿಗಳು ಮುಂದಿನ ಋತುವಿನ 25ರ ಪಟ್ಟಿ ಹೊರಡಿಸುತ್ತವೆ. 'ತೀರಾ ಮುಂಚಿನ ಪಟ್ಟಿ' ಎಂದು ತಲೆಬರಹದಲ್ಲಿ ತಾವೇ ಒಪ್ಪಿಕೊಂಡೂ ಹೊರಡಿಸುತ್ತವೆ. ಯಾವ ಹುಡುಗ ಕಾಲೇಜು ಬಿಡುತ್ತಾನೆ, ಯಾವನು ಇನ್ನೊಂದು ಕಾಲೇಜಿಗೆ ಹಾರುತ್ತಾನೆ ಎಂಬುದು ಆ ಹುಡುಗರ ತಾಯಂದಿರಿಗೂ ಗೊತ್ತಿರುವುದಿಲ್ಲ.

ಹನ್ನೆರಡು ಗಂಟೆ ದಾಟಿತ್ತು. ಫೋನು ಟಿಣ್ ಎಂದಿತು. ಹಾಸನದವನು ಆ ಪಟ್ಟಿಯನ್ನು ಗ್ರೂಪಿಗೆ ಹಾಕಿ, "ಈ ಸಲ ನೋಡ್ರಪ್ಪ" ಎಂದು ಬರೆದಿದ್ದ. ಕೆಳಗೆ ಆಗಲೇ ಮೂರು ಹೆಬ್ಬೆರಳು. ನಾಲ್ಕನೆಯದನ್ನು ಒತ್ತಿ, ಪಟ್ಟಿಯ ಮೊದಲ ನಾಲ್ಕು ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಮಲಗಿದೆ.