ಫೋನ್ ಕಿತ್ಕೊಳೋಕೆ ಮುಂಚೆ ಊಟದ ಬಗ್ಗೆ ಕೇಳಿ

ಮಕ್ಕಳ ಊಟ, ನಿದ್ದೆ ಕೆಟ್ಟಿದೆ ಅಂತ ಮಂಡ್ಯ ಕಡೆಯಿಂದ ಬರೋ ಅಪ್ಪ ಅಮ್ಮಂದಿರದ್ದೆಲ್ಲಾ ಒಂದೇ ಮಾತು, "ಮೇಡಮ್ಮೋರೆ, ಆ ಫೋನ್ ಒಂದ್ ಕಿತ್ಕಬುಟ್ರೆ ಎಲ್ಲಾ ಸರಿಹೋಯ್ತದೆ". ನಂಗಂತೂ ಹಾಗನ್ಸಲ್ಲ. ನಾನು ಡಾಕ್ಟರ್ ಅಲ್ಲ, ಮೈಸೂರಲ್ಲಿ ಡಿಗ್ರಿ ಹುಡುಗ್ರಿಗೆ ಪಾಠ ಮಾಡೋಳು, ಆದ್ರೂ ಹೇಳ್ತೀನಿ.

ಸರಸ್ವತಿಪುರಂ, ಕುವೆಂಪುನಗರದ ಪಿಜಿಗಳ ಕಥೆ ನೋಡಿ. ರಾತ್ರಿ ಎರಡರ ತನಕ ರೀಲ್ಸು, ಬೆಳಿಗ್ಗೆ ತಿಂಡಿ ಟೈಮಿಗೆ ಎಚ್ಚರ ಇಲ್ಲ, ಮಧ್ಯಾಹ್ನ ಮೆಸ್ಸಿನ ಸಾರು ಸೇರಲ್ಲ, ಸಂಜೆ ತನಕ ಟೀ ಬನ್ನು, ಆಮೇಲೆ ಹನ್ನೊಂದು ಗಂಟೆಗೆ ಆರ್ಡರ್ ಮಾಡಿ ಒಬ್ರೇ ಕೂತ್ಕೊಂಡು ಎರಡು ಜನದ ಬಿರಿಯಾನಿ, ತಿಂದ್ಮೇಲೆ ಛೀ ಅನ್ಸಿ ಮಾರನೇ ದಿನ ಪೂರ್ತಿ ಉಪವಾಸ. ನಿದ್ದೆಗೆಟ್ಟ ದೇಹ ಸಿಹಿ, ಕರಿದದ್ದನ್ನೇ ಜಾಸ್ತಿ ಕೇಳುತ್ತೆ, ಅಲ್ಲಿಗೆ ಮತ್ತೆ ಅದೇ ಸುತ್ತು. ಇದು ಬರೀ ಚಟ ಅಲ್ಲ. ತಡೆಯೋಕಾಗ್ದೆ ತಿನ್ನೋ ಬಿಂಜ್ ಈಟಿಂಗನ್ನ 2013ರಲ್ಲೇ ಅಮೆರಿಕದ ಮನೋವೈದ್ಯರು ಮಾಡಿರೋ ಮಾನಸಿಕ ಕಾಯಿಲೆಗಳ ಪಟ್ಟಿ ಡಿಎಸ್ಎಂ-5 ಪ್ರತ್ಯೇಕ ಕಾಯಿಲೆ ಅಂತ ಸೇರಿಸ್ಕೊಂಡಿದೆ, ನಮ್ಮೋರು ಇನ್ನೂ "ಚೆನ್ನಾಗ್ ತಿಂತಾನೆ ಬಿಡಿ" ಅಂತಾವ್ರೆ.

ಒಂದು ವಿಷಯ ಗಮನಿಸಿ. ಡಿಪ್ರೆಶನ್ ಅಳೆಯೋ ಪಿಎಚ್‌ಕ್ಯೂ-9 ಅಂತ ಪ್ರಶ್ನಾವಳಿ ಇದೆ, ಅದರಲ್ಲಿರೋ 9 ಪ್ರಶ್ನೆಲಿ ಒಂದು ನಿದ್ದೆ ಬಗ್ಗೆ, ಇನ್ನೊಂದು ಊಟ ಸೇರ್ತಿಲ್ವಾ ಇಲ್ಲಾ ಅತಿಯಾಗ್ ತಿಂತಿದ್ದೀರಾ ಅಂತ. ಫೋನ್ ಬಗ್ಗೆ ಒಂದೂ ಇಲ್ಲ. ಇನ್ನೊಂದ್ ಕಡೆ, ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1998ರಲ್ಲಿ ಮಾಡಿದ ಇಂಟರ್ನೆಟ್ ಚಟದ ಟೆಸ್ಟಲ್ಲಿ 20 ಪ್ರಶ್ನೆ, ಅದ್ರಲ್ಲಿ ಮನಸ್ಸಿಗೆ ಹಿಂಸೆ ಕೊಡೋ ಯೋಚ್ನೆ ಮರೆಯೋಕೆ ನೆಟ್ ನೆನೆಸ್ಕೋತೀರಾ, ಆಫ್‌ಲೈನ್ ಇದ್ದಾಗ ಬೇಜಾರಾಗಿ ಆನ್‌ಲೈನ್ ಬಂದ್ರೆ ಸರಿಹೋಗುತ್ತಾ ಅಂತೆಲ್ಲ ಕೇಳ್ತಾರೆ. ಅಂದ್ರೆ ಎಷ್ಟೋ ಮಕ್ಕಳಿಗೆ ಬೇಜಾರೇ ಮೊದಲು, ಫೋನ್ ಆಮೇಲೆ. ಎಲ್ರಿಗೂ ಹೀಗೇ ಅಂತ ಹೇಳ್ತಿಲ್ಲ, ಉಲ್ಟಾನೂ ಇರುತ್ತೆ. ಆದ್ರೆ ಬೇಜಾರು ಹಾಗೇ ಬಿಟ್ಟು ಫೋನ್ ಮಾತ್ರ ಕಿತ್ಕೊಂಡ್ರೆ ಆ ಹುಡುಗಿಗೆ ಉಳಿಯೋದೇನು?

ಇನ್‌ಸ್ಟಾಗ್ರಾಮ್ ಪಾತ್ರ ಇಲ್ಲ ಅಂತಲ್ಲ. 2021ರಲ್ಲಿ ಲೀಕ್ ಆದ ಆ ಕಂಪನಿಯೋರದ್ದೇ ಒಳಗಿನ ದಾಖಲೆಲಿ, ಮೂವರು ಹದಿಹರೆಯದ ಹುಡುಗೀರಲ್ಲಿ ಒಬ್ಬಳಿಗೆ ತನ್ನ ಮೈ ಬಗ್ಗೆ ಇರೋ ಕೊರಗನ್ನ ನಾವು ಜಾಸ್ತಿ ಮಾಡ್ತಿದ್ದೀವಿ ಅಂತ ಬರ್ಕೊಂಡಿದ್ರು. ಆದ್ರೆ ಬೀಗರೂಟದಲ್ಲಿ ಎಲೆ ಮುಂದೆ ಕೂತಿರೋ ಹುಡುಗಿಗೆ "ಏನವ್ವ ಹಿಂಗ್ ಊದ್ಕಂಡಿದ್ದೀಯ" ಅನ್ನೋ ದೊಡ್ಡಮ್ಮ ಯಾವ ಆ್ಯಪು? ಹುಡುಗ್ರೂ ಕಮ್ಮಿ ಇಲ್ಲ, ಜಿಮ್ಮು, ಪ್ರೋಟೀನ್ ಪೌಡರು, ಅನ್ನ ಬಿಟ್ಟಿದ್ದೀನಿ ಮೇಡಂ ಅಂತಾರೆ, ಅದನ್ನ ಯಾರೂ ಕಾಯಿಲೆ ಅನ್ನಲ್ಲ.

ಚಟ ನಿಜವಾಗ್ಲೂ ಜೋರಾಗಿದ್ರೆ ಬೆಂಗಳೂರಿನ ನಿಮ್ಹಾನ್ಸಲ್ಲಿ 2014ರಿಂದ ಫೋನ್, ನೆಟ್ ಚಟಕ್ಕೆ ಅಂತಲೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು, ಮಕ್ಕಳು ಒಪ್ಪದಿದ್ರೆ ಅಪ್ಪ ಅಮ್ಮನೇ ಕಾಲ್ ಮಾಡಿ ಕೇಳ್ಬೋದು.