ವಿಶ್ವವಿದ್ಯಾಲಯ ತಿದ್ದಬೇಕಾದದ್ದು ತನ್ನ ಬರವಣಿಗೆಯನ್ನು

ಜರ್ಮನಿಯ ಬವೇರಿಯಾ ರಾಜ್ಯದಲ್ಲಿ 2024ರ ಏಪ್ರಿಲ್ 1ರಿಂದ ಸರ್ಕಾರಿ ಕಚೇರಿ, ಶಾಲೆ ಮತ್ತು ವಿಶ್ವವಿದ್ಯಾಲಯಗಳ ಅಧಿಕೃತ ಬರವಣಿಗೆಯಲ್ಲಿ, ಪದದ ನಡುವೆ ನಕ್ಷತ್ರಚಿಹ್ನೆ, ಕೋಲನ್ ಅಥವಾ ಕೆಳಗೆರೆ ಹಾಕಿ ಎಲ್ಲ ಲಿಂಗದವರನ್ನೂ ಸೂಚಿಸುವ ಪದ್ಧತಿಗೆ ನಿಷೇಧ ಬಂದಿದೆ. ಇದಕ್ಕೆ ಮೂರು ವರ್ಷ ಮೊದಲು ನೆರೆಯ ಹೆಸ್ಸೆ ರಾಜ್ಯದ ಕಾಸೆಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ತದ್ವಿರುದ್ಧವಾದ ವಿವಾದವೆದ್ದಿತ್ತು. ಲಿಂಗಸಮಾನ ಭಾಷೆಯನ್ನು ಬಳಸದ ಕಾರಣಕ್ಕೆ ತನಗೆ ಅಂಕ ಕಡಿತವಾಯಿತೆಂದು ಅಲ್ಲಿನ ವಿದ್ಯಾರ್ಥಿಯೊಬ್ಬರು ದೂರಿದ್ದು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಕೊನೆಗೆ ವಿಶ್ವವಿದ್ಯಾಲಯವು ಕಾನೂನು ಪಂಡಿತರ ಅಭಿಪ್ರಾಯ ಪಡೆದು, ಅಧ್ಯಯನದ ವಿಷಯಕ್ಕೇ ನೇರ ಸಂಬಂಧವಿದ್ದಲ್ಲಿ ಮಾತ್ರ ಅಂತಹ ಭಾಷೆಯನ್ನು ಅಂಕಕ್ಕೆ ಪರಿಗಣಿಸಬಹುದೆಂಬ ನಿಲುವಿಗೆ ಬರಬೇಕಾಯಿತು. ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುತ್ತಿರುವ ನನಗೆ ಇವೆರಡೂ ಒಂದೇ ತಪ್ಪಿನ ಎರಡು ಮುಖಗಳಾಗಿ ಕಾಣುತ್ತವೆ. ಸಂಸ್ಥೆಯೊಂದು ತಾನು ಎಲ್ಲರನ್ನೂ ಹೇಗೆ ಕರೆಯಬೇಕೆಂದು ಯೋಚಿಸುವುದು ಅದರ ಕರ್ತವ್ಯ. ಆದರೆ ತನ್ನ ಅಧೀನದಲ್ಲಿರುವವರ ಲೇಖನಿಯನ್ನು ಅಂಕದ ಭಯದಿಂದಲೋ ಸುತ್ತೋಲೆಯ ಬಲದಿಂದಲೋ ಹಿಡಿದು ನಡೆಸುವ ಅಧಿಕಾರ ಅದಕ್ಕಿಲ್ಲ.

ಜರ್ಮನ್ ಭಾಷೆಯಲ್ಲಿ ನಾಮಪದಗಳಿಗೆಲ್ಲ ವ್ಯಾಕರಣದ ಲಿಂಗವಿದೆ. ಮೇಜು ಪುಲ್ಲಿಂಗ, ಚಂದ್ರ ಪುಲ್ಲಿಂಗ, ಸೂರ್ಯ ಸ್ತ್ರೀಲಿಂಗ. ಇದರಿಂದ ಯಾರಿಗೂ ಬಾಧಕವಿಲ್ಲ. ತೊಡಕು ಹುಟ್ಟುವುದು ಮನುಷ್ಯರನ್ನು ಹೆಸರಿಸುವಾಗ. ಓದುವ ಹುಡುಗ 'ಷ್ಟುಡೆಂಟ್', ಓದುವ ಹುಡುಗಿ 'ಷ್ಟುಡೆಂಟಿನ್'. ಸಾವಿರ ಮಂದಿಯ ಗುಂಪಿನಲ್ಲಿ ಒಬ್ಬನೇ ಹುಡುಗನಿದ್ದರೂ ರೂಢಿಯ ವ್ಯಾಕರಣದ ಪ್ರಕಾರ ಅವರೆಲ್ಲರೂ ಪುಲ್ಲಿಂಗ ಬಹುವಚನದ 'ಷ್ಟುಡೆಂಟೆನ್' ಆಗುತ್ತಾರೆ. ಈ ಪದ ನೆಲೆಗೊಂಡ ಕಾಲದಲ್ಲಿ ಅದು ಸುಳ್ಳೂ ಆಗಿರಲಿಲ್ಲ, ಏಕೆಂದರೆ ತರಗತಿಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಹೈಡೆಲ್‌ಬರ್ಗ್ ಮತ್ತು ಫ್ರೈಬುರ್ಗ್ ವಿಶ್ವವಿದ್ಯಾಲಯಗಳಿರುವ ಬಾಡೆನ್ ಪ್ರಾಂತ್ಯವು ಮಹಿಳೆಯರಿಗೆ ಕ್ರಮಬದ್ಧ ಪ್ರವೇಶ ನೀಡಿದ್ದು 1900ರಲ್ಲಿ. ದೊಡ್ಡ ಪ್ರಾಂತ್ಯವಾದ ಪ್ರಷ್ಯಾ ಬಾಗಿಲು ತೆರೆದದ್ದು 1908ರಲ್ಲಿ. ಈಗ ಇಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರೇ ಇದ್ದಾರೆ.

ಪುಲ್ಲಿಂಗ ಬಹುವಚನ ಎಲ್ಲರನ್ನೂ ಒಳಗೊಳ್ಳುತ್ತದೆ, ಅದು ಬರಿಯ ವ್ಯಾಕರಣ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅದನ್ನು ಆಡುವವರಲ್ಲಿ ಹೆಚ್ಚಿನವರು ಯಾರನ್ನೂ ಹೊರಗಿಡುವ ಉದ್ದೇಶದಿಂದ ಹಾಗೆ ಹೇಳುವವರಲ್ಲ. ಆದರೆ ಆಡುವವರ ಉದ್ದೇಶ ಬೇರೆ, ಕೇಳುವವರ ಮನಸ್ಸಿನಲ್ಲಿ ಮೂಡುವ ಚಿತ್ರ ಬೇರೆ. ಲೂಯಿಸೆ ಪುಶ್ ಮತ್ತು ಸೆಂಟಾ ಟ್ರೋಮೆಲ್-ಪ್ಲೋಟ್ಸ್ ಸೇರಿದಂತೆ ನಾಲ್ವರು ಭಾಷಾವಿಜ್ಞಾನಿಗಳು 1980ರಲ್ಲೇ ಇದರ ಬಗ್ಗೆ ಮಾರ್ಗಸೂಚಿಗಳನ್ನು ಪ್ರಕಟಿಸಿದ್ದರು. ಮನೋವಿಜ್ಞಾನಿ ಪಾಸ್ಕಲ್ ಗಿಗಾಕ್ಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸರಳವಾಗಿತ್ತು. ಒಂದು ವೃತ್ತಿಯವರ ಗುಂಪನ್ನು ಪುಲ್ಲಿಂಗ ಬಹುವಚನದಲ್ಲಿ ಹೇಳುವ ವಾಕ್ಯವನ್ನು ಓದಿಸಿ, ನಂತರ ಆ ಗುಂಪಿನಲ್ಲಿ ಗಂಡಸರಿದ್ದಾರೆ ಅಥವಾ ಹೆಂಗಸರಿದ್ದಾರೆ ಎಂದು ಹೇಳುವ ಎರಡನೆಯ ವಾಕ್ಯವನ್ನು ಕೊಟ್ಟು, ಮೊದಲನೆಯದಕ್ಕೆ ಅದು ಹೊಂದುತ್ತದೆಯೇ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಉತ್ತರಗಳು ಆಯಾ ವೃತ್ತಿಯ ಬಗೆಗಿನ ಜನರ ಕಲ್ಪನೆಯನ್ನು ಅನುಸರಿಸಿದವು. ಜರ್ಮನ್ ಮತ್ತು ಫ್ರೆಂಚಿನಲ್ಲಾದರೋ, ಹೆಂಗಸರೇ ಹೆಚ್ಚಾಗಿ ಮಾಡುವ ವೃತ್ತಿಗಳ ವಿಷಯದಲ್ಲೂ ಓದುಗರ ಮನಸ್ಸು ಗಂಡಸರ ಕಡೆಗೇ ವಾಲಿತು.

ಪರಿಹಾರವೆಂದು ಬಂದ ದಾರಿಗಳು ಹಲವು. ಎರಡೂ ರೂಪಗಳನ್ನು ಜೊತೆಯಾಗಿ ಬರೆಯುವುದು ಹಳೆಯ ದಾರಿ. ಅದು ಸೌಜನ್ಯದ್ದೇ, ಆದರೆ ಉದ್ದ. ಲೈಪ್‌ಜಿಗ್ ವಿಶ್ವವಿದ್ಯಾಲಯವು 2013ರಲ್ಲಿ ತನ್ನ ಮೂಲ ನಿಯಮಾವಳಿಯಲ್ಲಿ ಸ್ತ್ರೀಲಿಂಗ ರೂಪವನ್ನಷ್ಟೇ ಬಳಸಿ, ಅದು ಎಲ್ಲರಿಗೂ ಅನ್ವಯಿಸುತ್ತದೆ ಎಂಬ ಅಡಿಟಿಪ್ಪಣಿ ಹಾಕಿತು. ಇನ್ನು ಮುಂದೆ ಅಲ್ಲಿ ಗಂಡಸು ಪ್ರಾಧ್ಯಾಪಕರನ್ನೂ 'ಪ್ರೊಫೆಸರಿನ್' ಎಂದೇ ಕರೆಯಬೇಕಂತೆ ಎಂಬ ತಪ್ಪು ಸುದ್ದಿ ಹಬ್ಬಿ ದೊಡ್ಡ ಗದ್ದಲವಾಯಿತು. ಮೂರನೆಯ ಲಿಂಗದ ನೋಂದಣಿಗೆ ಅವಕಾಶವಿರಬೇಕೆಂದು ಸಂವಿಧಾನ ನ್ಯಾಯಾಲಯವು 2017ರಲ್ಲಿ ತೀರ್ಪು ಕೊಟ್ಟು, 2018ರ ಕೊನೆಯಲ್ಲಿ ಕಾನೂನು ಬಂದ ಮೇಲೆ, ಗಂಡು-ಹೆಣ್ಣು ಎಂಬ ಜೋಡಿರೂಪವೂ ಸಾಲದಾಯಿತು. 'ಷ್ಟುಡೆಂಟ್*ಇನ್ನೆನ್' ಎಂದು ಪದದ ನಡುವೆ ನಕ್ಷತ್ರಚಿಹ್ನೆ ಹಾಕುವ ಬಳಕೆ ಹೆಚ್ಚಿದ್ದು ಈ ಅವಧಿಯಲ್ಲೇ.

ನಕ್ಷತ್ರದ ವಿರುದ್ಧ ಬರುವ ಆಕ್ಷೇಪಗಳಲ್ಲಿ ಕೆಲವನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಇಲ್ಲಿನ ಅಂಧರ ಮತ್ತು ಮಂದದೃಷ್ಟಿಯವರ ಒಕ್ಕೂಟವು ಪದದ ನಡುವಿನ ಚಿಹ್ನೆಗಳು ಬೇಡವೆಂದೇ ಸಲಹೆ ಮಾಡಿದೆ, ಏಕೆಂದರೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ ಅಲ್ಲಲ್ಲೇ ಮುಗ್ಗರಿಸುತ್ತದೆ. ಪ್ರೌಢ ವಯಸ್ಸಿನಲ್ಲಿ ಈ ಭಾಷೆಯನ್ನು ಕಲಿಯುವವರಿಗೆ, ಅಂದರೆ ನನ್ನಂತೆ ಬೆಂಗಳೂರಿನಿಂದ ಬಂದವರಿಗೆ, ಮೂರು ಲಿಂಗ ನಾಲ್ಕು ವಿಭಕ್ತಿಗಳೇ ಸಾಕಷ್ಟು ಕಷ್ಟ. ಅದರ ಮೇಲೆ ಚಿಹ್ನೆ ಸೇರಿದ ಪದಕ್ಕೆ ಯಾವ ಪ್ರತ್ಯಯ ಹಚ್ಚಬೇಕೆಂಬ ಪ್ರಶ್ನೆಗೆ ಶಿಕ್ಷಕರಲ್ಲೂ ಒಮ್ಮತವಿಲ್ಲ. ಜರ್ಮನ್ ಕಾಗುಣಿತ ಮಂಡಳಿಯು 2021ರಲ್ಲೂ 2023ರಲ್ಲೂ ಎಲ್ಲರನ್ನೂ ಸಮಾನ ಗೌರವದಿಂದ ಸಂಬೋಧಿಸಬೇಕೆಂಬ ಆಶಯವನ್ನು ಒಪ್ಪಿಕೊಂಡಿತಾದರೂ ಈ ಚಿಹ್ನೆಗಳನ್ನು ಅಧಿಕೃತ ಕಾಗುಣಿತದೊಳಕ್ಕೆ ತರಲಿಲ್ಲ. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಬಳಕೆಯಲ್ಲಿ ನೆಲೆ ನಿಲ್ಲದ ರೂಪವನ್ನು ನಿಯಮವಾಗಿಸುವುದೂ ಬೇಡ, ಅಪರಾಧವಾಗಿಸುವುದೂ ಬೇಡ.

ಇಷ್ಟೆಲ್ಲ ಗಲಾಟೆಯ ನಡುವೆ ನೆಲೆ ನಿಂತದ್ದು 'ಷ್ಟುಡೀರೆಂಡೆ', ಅಂದರೆ 'ಅಧ್ಯಯನ ಮಾಡುತ್ತಿರುವವರು' ಎಂಬ ಕೃದಂತರೂಪ. ಮಲಗಿ ನಿದ್ರಿಸುತ್ತಿರುವ ವಿದ್ಯಾರ್ಥಿ ಅಧ್ಯಯನ ಮಾಡುತ್ತಿರುವುದಾದರೂ ಹೇಗೆ ಎಂದು ತಾರ್ಕಿಕರು ಕೇಳುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ವಿಶ್ವವಿದ್ಯಾಲಯ ನಿಯಮಗಳಲ್ಲೇ ಆ ಪದವಿತ್ತು, ಆಗ ಯಾರೂ ಈ ಪ್ರಶ್ನೆ ಕೇಳಲಿಲ್ಲ. ವಿದ್ಯಾರ್ಥಿಗಳ ವಸತಿ ಮತ್ತು ಊಟದ ವ್ಯವಸ್ಥೆ ನೋಡಿಕೊಳ್ಳುವ ರಾಷ್ಟ್ರಮಟ್ಟದ ಒಕ್ಕೂಟ 2022ರಿಂದ ತನ್ನ ಹೆಸರಿನಲ್ಲಿ 'ಷ್ಟುಡೆಂಟೆನ್' ಬದಲಿಗೆ ಇದನ್ನೇ ಇಟ್ಟುಕೊಂಡಿದೆ. ಬವೇರಿಯಾದ ನಿಷೇಧವೂ ಪದದ ನಡುವಿನ ಚಿಹ್ನೆಗಳಿಗೆ ಸಂಬಂಧಿಸಿದ್ದೇ ಹೊರತು ಈ ಪದವನ್ನು ಮುಟ್ಟುವುದಿಲ್ಲ. ನನ್ನ ತರಗತಿಯಲ್ಲಿ ನಕ್ಷತ್ರವನ್ನು ವಿರೋಧಿಸುವವರ ಬಾಯಲ್ಲೂ ಅದು ಸಲೀಸಾಗಿ ಬರುತ್ತದೆ.

ಈ ಚರ್ಚೆ ನಮ್ಮವರಿಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವ ಕನ್ನಡಿಗರಿಗೆ ಒಂದು ಸಂಗತಿ ಹೇಳಬೇಕು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಸುಮಾರು 49,000 ಭಾರತೀಯ ವಿದ್ಯಾರ್ಥಿಗಳು ಜರ್ಮನಿಯಲ್ಲಿದ್ದರು; ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ಅತಿದೊಡ್ಡ ಗುಂಪು. ಇಲ್ಲಿನ ಕಚೇರಿಗಳ ಪತ್ರಗಳು 'ಹೆರ್' (ಶ್ರೀ) ಅಥವಾ 'ಫ್ರಾವ್' (ಶ್ರೀಮತಿ) ಎಂದು ಆರಂಭವಾಗುವುದು ರೂಢಿ. ಆನಾ, ಮಾರಿಯಾ, ಲೇನಾ ಎಂಬ ಹೆಸರುಗಳನ್ನು ಕೇಳಿ ಬೆಳೆದ ಗುಮಾಸ್ತರಿಗೆ 'ಎ' ಅಕ್ಷರದಲ್ಲಿ ಮುಗಿಯುವ ಹೆಸರೆಂದರೆ ಹೆಣ್ಣಿನದು. ಹೀಗಾಗಿ ನಮ್ಮ ಕೃಷ್ಣ, ಪ್ರಸನ್ನ, ಶಿವ ಎಂಬ ಹುಡುಗರಿಗೆ 'ಫ್ರಾವ್' ಎಂಬ ಸಂಬೋಧನೆಯ ಪತ್ರ ಬರುತ್ತದೆ. ಅದೇ ದಾಖಲೆ ಆರೋಗ್ಯ ವಿಮೆಗೂ ನಿವಾಸ ಪರವಾನಗಿಗೂ ಹೋದರೆ ಹೆಸರು ಒಂದು, ಲಿಂಗ ಇನ್ನೊಂದು ಎಂದಾಗಿ, ಭಾಷೆ ಬಾರದ ಹುಡುಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಈಗ ಅನೇಕ ಕಚೇರಿಗಳು 'ಗೂಟನ್ ಟಾಗ್' (ನಮಸ್ಕಾರ) ಎಂದು ಬರೆದು ಪೂರ್ತಿ ಹೆಸರನ್ನು ಹಾಗೆಯೇ ಹಾಕುತ್ತವೆ. ಹೆರ್-ಫ್ರಾವ್ ಎರಡರಲ್ಲೂ ತಮ್ಮನ್ನು ಕಾಣದವರಿಗಾಗಿ ಬಂದ ಆ ಬದಲಾವಣೆಯಿಂದ ಧಾರವಾಡದಿಂದಲೋ ಹಾಸನದಿಂದಲೋ ಬಂದ ಹುಡುಗರಿಗೂ ನೆಮ್ಮದಿಯಾಗಿದೆ.

ಕನ್ನಡದ ಸ್ಥಿತಿ ಬೇರೆ, ಮೇಲ್ನೋಟಕ್ಕೆ ಬಹಳ ಹಗುರ. 'ವಿದ್ಯಾರ್ಥಿಗಳು ಬಂದರು' ಎಂದಾಗ ಕ್ರಿಯಾಪದಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲ, 'ಅವರು' ಎಂಬ ಸರ್ವನಾಮಕ್ಕೂ ಇಲ್ಲ. ನಮ್ಮ ಆಡಳಿತ ಕನ್ನಡದ ವಿಧಿರೂಪಗಳನ್ನು ನೋಡಿ: 'ಅಭ್ಯರ್ಥಿಯು ಪ್ರವೇಶಪತ್ರವನ್ನು ತರತಕ್ಕದ್ದು', 'ಮೊಬೈಲ್ ತರಕೂಡದು', 'ನೀಲಿ ಶಾಯಿಯಲ್ಲಿ ಬರೆಯಬೇಕು'. ಏಕವಚನದ ಕರ್ತೃವಿದ್ದರೂ ಕ್ರಿಯೆ ಯಾವ ಲಿಂಗವನ್ನೂ ಹೇಳುವುದಿಲ್ಲ. ಜರ್ಮನ್ನರು ನಾಲ್ಕು ದಶಕಗಳಿಂದ ಹುಡುಕುತ್ತಿರುವುದು ನಮ್ಮ ಪರೀಕ್ಷಾ ಸೂಚನೆಗಳಲ್ಲಿ ತಾನಾಗಿಯೇ ಇದೆ.

ಆದರೆ ಅದೇ ಸೂಚನೆಯು ಶಿಕ್ಷೆಯ ಮಾತಿಗೆ ಬಂದಾಗ 'ನಕಲು ಮಾಡುವ ಅಭ್ಯರ್ಥಿಯು ಅನರ್ಹನಾಗುತ್ತಾನೆ' ಎಂದು ಪುಲ್ಲಿಂಗಕ್ಕೆ ತಿರುಗುವುದನ್ನು ನಾವು ಓದಿದ್ದೇವೆ. 'ಅನರ್ಹರಾಗುತ್ತಾರೆ' ಎಂದು ಬರೆಯಲು ಅಡ್ಡಿಯೇನು? ವ್ಯಾಕರಣದ ಅಡ್ಡಿ ಇಲ್ಲ. ಅಡ್ಡಿ ಇರುವುದು ಬಹುವಚನ ನಮ್ಮಲ್ಲಿ ಗೌರವದ ಸೂಚಕವೂ ಆಗಿರುವುದರಲ್ಲಿ. ಮೇಷ್ಟ್ರು 'ಬಂದರು', ಹುಡುಗ 'ಬಂದ', ಹುಡುಗಿ 'ಬಂದಳು'. ಮೇಲಿನವರಿಗೆ ಲಿಂಗಭೇದವಿಲ್ಲದ ರೂಪ ಸಹಜವಾಗಿ ಸಿಗುತ್ತದೆ, ಕೆಳಗಿನವರಿಗೆ ಮಾತ್ರ ಲಿಂಗ ಕಡ್ಡಾಯ. ಜರ್ಮನಿಯಲ್ಲಿ ತೊಡಕು ವ್ಯಾಕರಣದ್ದಾದರೆ ನಮ್ಮಲ್ಲಿ ಅದು ಅಂತಸ್ತಿನದು. ಎಲ್ಲರನ್ನೂ ಒಳಗೊಳ್ಳುವ ಕನ್ನಡ ಬರೆಯಬೇಕೆಂದರೆ ಅಧ್ಯಾಪಕರು ವಿದ್ಯಾರ್ಥಿಗೆ ಬಹುವಚನ ಕೊಡಬೇಕು. ಈ ಬದಲಾವಣೆಯ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳು ತೋರುವ ಹಿಂಜರಿಕೆಯ ಮೂಲ ಇಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

ತೃತೀಯ ಲಿಂಗವನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2014ರಲ್ಲಿ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ನೀಡಿದ ಮೊದಲ ರಾಜ್ಯ ಕರ್ನಾಟಕ, 2021ರಲ್ಲಿ. ಹೀಗೆ ಕಾನೂನಿನಲ್ಲಿ ಮುಂದೆ ಹೋದ ನಾಡಿನ ಕಾಲೇಜಿನಲ್ಲಿ, ಅಂತಹ ವಿದ್ಯಾರ್ಥಿಯೊಬ್ಬರ ಬಗ್ಗೆ ವರದಿ ಬರೆಯುವ ಅಧ್ಯಾಪಕರು 'ಅವನು' ಎನ್ನಬೇಕೋ 'ಅವಳು' ಎನ್ನಬೇಕೋ ಎಂದು ತಡವರಿಸಬೇಕಾಗಿಲ್ಲ, ಚಿಹ್ನೆಯನ್ನೂ ಹುಡುಕಬೇಕಾಗಿಲ್ಲ. 'ಅವರು' ಎಂದರೆ ಸಾಕು. ಅದನ್ನು ಒಬ್ಬರಿಗೆ ಮಾತ್ರ ಮೀಸಲಾಗಿಟ್ಟರೆ ಅದೇ ಬೆರಳು ಮಾಡಿ ತೋರಿಸಿದಂತಾಗುತ್ತದೆ. ಆದ್ದರಿಂದ ಶಿಫಾರಸು ಪತ್ರ, ಸಂಶೋಧನಾ ವರದಿ, ನೋಟಿಸು, ನಡತೆಯ ಪ್ರಮಾಣಪತ್ರ ಎಲ್ಲದರಲ್ಲೂ ಎಲ್ಲ ವಿದ್ಯಾರ್ಥಿಗಳಿಗೂ ಅದೇ ರೂಪ ಇರಬೇಕು.

ಹೀಗೆ ಮಾಡಿದರೆ ಗುರುಶಿಷ್ಯರ ನಡುವಿನ ಸಲಿಗೆ ಹೋಗುತ್ತದೆ ಎಂದು ಊರಿನ ಹಿರಿಯ ಅಧ್ಯಾಪಕರೊಬ್ಬರು ನನ್ನೊಡನೆ ವಾದಿಸಿದ್ದಾರೆ. ಅವರ ಆತಂಕ ಪ್ರಾಮಾಣಿಕವಾದದ್ದು. ಹಳೇ ಮೈಸೂರಿನ ಕಡೆ ಮೇಷ್ಟ್ರ 'ನೀನು' ಎಂಬ ಮಾತಿನಲ್ಲಿ ಎಷ್ಟು ಅಕ್ಕರೆ ಇರುತ್ತದೆಂಬುದನ್ನು ನಾನೂ ಉಂಡು ಬಲ್ಲೆ. ಆದರೆ 'ನೀನು' ಎಂಬುದಕ್ಕೆ ಕನ್ನಡದಲ್ಲಿ ಲಿಂಗವೇ ಇಲ್ಲ. 'ನೀನು ಬಂದೆ' ಎಂದು ಯಾರಿಗೆ ಹೇಳಿದರೂ ಒಂದೇ. ತರಗತಿಯಲ್ಲಿ ಎದುರಾಎದುರು ಕೂತಾಗ ಆ ಸಲಿಗೆಯ ಮಾತು ಹಾಗೆಯೇ ಇರಲಿ. ವಿದ್ಯಾರ್ಥಿ ಎದುರಿಗಿಲ್ಲದಾಗ, ವಿಶ್ವವಿದ್ಯಾಲಯದ ಮೊಹರು ಬೀಳುವ ಕಾಗದದಲ್ಲಿ ಅವರ ಬಗ್ಗೆ ಬರೆಯುವಾಗ ಬಹುವಚನವಿರಲಿ ಎಂಬುದಷ್ಟೇ ನನ್ನ ಕೋರಿಕೆ. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಯಾರ ಅಂಕವನ್ನೂ ಕಳೆಯಬೇಕಿಲ್ಲ; ಕುಲಸಚಿವರ ಕಚೇರಿಯಲ್ಲಿರುವ ಮಾದರಿ ನಮೂನೆಗಳನ್ನು ಒಮ್ಮೆ ಕೂತು ತಿದ್ದಿದರೆ ಆಯಿತು.