90 ಸೆಕೆಂಡ್

2023ರ ನವೆಂಬರ್. ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆ. ಸೋಲ್ ನಗರದ ಒಂದು ಕೇಂದ್ರದಲ್ಲಿ ಮೊದಲ ವಿಷಯದ ಗಂಟೆಯನ್ನು ಸುಮಾರು 90 ಸೆಕೆಂಡ್ ಮುಂಚೆಯೇ ಬಾರಿಸಿಬಿಟ್ಟರು. ತಪ್ಪು ಗೊತ್ತಾದ ಮೇಲೆ ಊಟದ ಬಿಡುವಿನಲ್ಲಿ ಅದೇ ಹಾಳೆಗಳನ್ನು ಮತ್ತೆ ಕೈಗಿತ್ತು ಒಂದೂವರೆ ನಿಮಿಷ ಕೊಟ್ಟರು. ಬಿಟ್ಟದ್ದನ್ನು ತುಂಬಬಹುದು, ತುಂಬಿದ್ದನ್ನು ತಿದ್ದುವಂತಿಲ್ಲ. ಮಕ್ಕಳು ಕೋರ್ಟಿಗೆ ಹೋದರು. ಸರ್ಕಾರ ಪರಿಹಾರ ಕೊಡಬೇಕೆಂದು 2025ರಲ್ಲಿ ತೀರ್ಪು ಬಂತು.

ಇಂಗ್ಲಿಷ್ ಆಲಿಸುವ ಭಾಗ ನಡೆಯುವಾಗ ಸದ್ದಾಗಬಾರದೆಂದು ವಿಮಾನಗಳ ಹಾರಾಟವನ್ನೇ ನಿಲ್ಲಿಸುವ ದೇಶ ಅದು. ಅಲ್ಲಿಯೇ ಗಂಟೆ ತಪ್ಪಿತು.

ಇಷ್ಟು ಸಣ್ಣದಕ್ಕೆ ಕೋರ್ಟೇ ಎಂದು ನಕ್ಕವರನ್ನು ಕಂಡಿದ್ದೇನೆ. ನನಗೆ ನಗು ಬರಲಿಲ್ಲ. ಹಲವು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಕನಾಗಿ ನಿಂತವನು ನಾನು. ಮೂರು ಗಂಟೆ ಮಾತಿಲ್ಲ, ಓದಿಲ್ಲ, ನೋಡುವುದೊಂದೇ ಕೆಲಸ. ಒಮ್ಮೆ ಕಿಟಕಿ ಪಕ್ಕದ ಹುಡುಗಿಯ ಪೆನ್ನು ಇದ್ದಕ್ಕಿದ್ದಂತೆ ನಿಂತಿತು. ಪ್ರಶ್ನೆ ಪತ್ರಿಕೆಯ ಮೇಲೆ ಒಂದು ಬೆರಳು, ಯಂತ್ರ ಓದುವ ಓಎಂಆರ್ ಉತ್ತರ ಹಾಳೆಯ ಮೇಲೆ ಇನ್ನೊಂದು. ಎರಡನ್ನೂ ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತಾ ಹೋದಳು. 41, 40, 39... 23ಕ್ಕೆ ಬಂದು ಬೆರಳು ನಿಂತಿತು. ಆ ಪ್ರಶ್ನೆಯನ್ನು ಆಮೇಲೆ ನೋಡೋಣವೆಂದು ಬಿಟ್ಟಿದ್ದಳು, ಹಾಳೆಯಲ್ಲಿ ಆ ಸಾಲನ್ನು ಬಿಡುವುದು ಮರೆತಿತ್ತು. ಅಲ್ಲಿಂದಾಚೆಗೆ ಎಲ್ಲ ಉತ್ತರವೂ ಒಂದು ಸಾಲು ಮೇಲೆ ಕೂತಿತ್ತು. ಬಾಲ್ ಪೆನ್ನಿನಲ್ಲಿ ತುಂಬಿದ ವೃತ್ತಗಳನ್ನು ಅಳಿಸುವಂತಿಲ್ಲ. ಹೊಸ ಹಾಳೆ ಕೊಡುವ ಅಧಿಕಾರ ನನಗಿಲ್ಲ. ತಪ್ಪು ಉತ್ತರಕ್ಕೆ ಅಂಕ ಬೇರೆ ಕಳೆಯುತ್ತಾರೆ. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಈ ಹುಡುಗಿಗೆ ರಸಾಯನಶಾಸ್ತ್ರ ಬರುವುದಿಲ್ಲವೆಂದು ಯಂತ್ರ ಹೇಳಿರುತ್ತದೆ. ಯಂತ್ರ ಪಕ್ಷಪಾತ ಮಾಡಲಿಲ್ಲ ಎಂಬುದೂ ನಿಜವೇ.

ನಾನು ಪರೀಕ್ಷೆಯ ವಿರೋಧಿಯಲ್ಲ. ‘ಅಂಕ ಬಿಡಿ, ಸಮಗ್ರ ವ್ಯಕ್ತಿತ್ವ ನೋಡಿ’ ಎನ್ನುವ ಮಾತು ಕೇಳಿದರೆ ನನಗೆ ಭಯವೇ ಹೆಚ್ಚು. 1920ರ ದಶಕದಲ್ಲಿ ಹಾರ್ವರ್ಡ್‌ಗೆ ಯೆಹೂದಿ ವಿದ್ಯಾರ್ಥಿಗಳು ಹೆಚ್ಚಾಗಿ ಬರುತ್ತಿದ್ದಾರೆಂದು ಅದರ ಅಧ್ಯಕ್ಷ ಲೋವೆಲ್‌ಗೆ ತಲೆಬಿಸಿಯಾಯಿತು. ಇಷ್ಟೇ ಜನವೆಂದು ಮಿತಿ ಹೇರಲು ಹೊರಟರು, ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಆಮೇಲೆ ಶೀಲ, ವ್ಯಕ್ತಿತ್ವ ಎಂಬ ಮಾತುಗಳು ಮುಂದೆ ಬಂದವು, ಅರ್ಜಿಯ ಜೊತೆ ಫೋಟೊ ಕೇಳತೊಡಗಿದರು. ಕೆಲಸ ಸದ್ದಿಲ್ಲದೆ ಆಯಿತು. ಉತ್ತರ ಪತ್ರಿಕೆಗೆ ಮುಖವಿಲ್ಲ ಎಂಬುದು ಸಣ್ಣ ವರವಲ್ಲ. ಹಾಗೆಂದು ಪರೀಕ್ಷೆಯೊಂದೇ ಎಲ್ಲವನ್ನೂ ಸಮ ಮಾಡುವುದಿಲ್ಲ. ಅಮೆರಿಕದ ಅತಿ ಶ್ರೀಮಂತ ಶೇಕಡಾ 1ರಷ್ಟು ಮನೆಗಳ ಮಕ್ಕಳು ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ 1300 ಅಥವಾ ಅದಕ್ಕೂ ಹೆಚ್ಚು ಅಂಕ ಪಡೆಯುವ ಸಾಧ್ಯತೆ ಕೆಳಗಿನ ಶೇಕಡಾ 20ರಷ್ಟು ಮನೆಗಳ ಮಕ್ಕಳಿಗಿಂತ 13 ಪಟ್ಟು ಹೆಚ್ಚೆಂದು 2023ರ ಅಧ್ಯಯನವೊಂದು ತೋರಿಸಿತು. ಹದಿನೇಳು ವರ್ಷ ನಡೆದದ್ದನ್ನು ಮೂರು ಗಂಟೆಯಲ್ಲಿ ಸರಿಪಡಿಸು ಎಂದು ಪ್ರಶ್ನೆ ಪತ್ರಿಕೆಗೆ ಹೇಳಲಾಗದು.

ನನ್ನ ತಕರಾರು ಬೇರೆ. ಅಂದಾಜನ್ನು ತಂದು ತೀರ್ಪಿನ ಕುರ್ಚಿಯಲ್ಲಿ ಕೂರಿಸಿದ್ದೇವೆ. ಎಸ್‌ಎಟಿ ನಡೆಸುವವರೇ ಒಂದೊಂದು ಭಾಗದ ಅಂಕ ಸುಮಾರು 30ರಷ್ಟು ಆಚೀಚೆ ಆಗಬಹುದೆಂದು ಹೇಳುತ್ತಾರೆ. ಅದೇ ಹುಡುಗ, ಅದೇ ಓದು, ಪರೀಕ್ಷೆಯ ದಿನ ಮಾತ್ರ ಬೇರೆ. ನ್ಯೂಯಾರ್ಕಿನಲ್ಲಿ ಸೆಖೆಯ ದಿನ ಬರೆದವರ ಅಂಕ ಇಳಿದದ್ದನ್ನು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಇಸ್ರೇಲಿನಲ್ಲಿ ಪರೀಕ್ಷೆಯ ದಿನ ಗಾಳಿ ಹೊಲಸಾಗಿದ್ದರೆ ಅಂಕ ಕಡಿಮೆಯಾಯಿತು, ಆ ಮಕ್ಕಳು ಮುಂದೆ ಓದಿದ್ದೂ ಗಳಿಸಿದ್ದೂ ಕಡಿಮೆಯೇ. ಹೀಗೆಲ್ಲ ಇದ್ದೂ ನಾವು ಒಂದೇ ಒಂದು ಅಂಕದ ಅಂತರದಲ್ಲಿ ಸಾವಿರಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇಲ್ಲಿಯವರೆಗೆ ಬುದ್ಧಿವಂತರು, ಇಲ್ಲಿಂದಾಚೆಗೆ ಅಲ್ಲ ಎಂದು ಗೆರೆ ಎಳೆಯುತ್ತೇವೆ. ಅಂಕ ಸಮವಾದಾಗ ವಯಸ್ಸಿನಲ್ಲಿ ದೊಡ್ಡವರಿಗೆ ಸೀಟು ಎಂಬ ನಿಯಮವೂ ಕೆಲವು ಪರೀಕ್ಷೆಗಳಲ್ಲಿತ್ತು. ಮೊದಲು ಹುಟ್ಟಿದ್ದೂ ಒಂದು ಪ್ರತಿಭೆ!

ಗೆರೆಯ ಆಸುಪಾಸಿನಲ್ಲಿ ಇರುವವರಿಗೆಲ್ಲ ಚೀಟಿ ಎತ್ತಿ. ಹೌದು, ಲಾಟರಿ. ಇದನ್ನು ಹೇಳಿದಾಗಲೆಲ್ಲ ಸಹೋದ್ಯೋಗಿಗಳು ನನ್ನನ್ನು ಕನಿಕರದಿಂದ ನೋಡುತ್ತಾರೆ. ‘ಕಷ್ಟಪಟ್ಟು ಓದಿದವರ ಗತಿ ಏನು ಸಾರ್?’ ಎನ್ನುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಿಂದ 2017ರವರೆಗೆ ವೈದ್ಯಕೀಯ ಸೀಟುಗಳಿಗೆ ಲಾಟರಿ ಇತ್ತು. ಶಾಲೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಅವಕಾಶವೂ ಹೆಚ್ಚು. 1990ರ ದಶಕದಲ್ಲಿ ಹತ್ತಕ್ಕೆ 9.6 ಸರಾಸರಿಯಿದ್ದ ಹುಡುಗಿಗೇ ಚೀಟಿ ಏಳದೆ ದೇಶವೆಲ್ಲ ಗಲಾಟೆಯಾಯಿತು. ಆಮೇಲೆ ಸರಾಸರಿ 8 ಮತ್ತು ಅದಕ್ಕೂ ಹೆಚ್ಚು ಇದ್ದವರಿಗೆ ನೇರ ಪ್ರವೇಶವೆಂದು ನಿಯಮ ತಿದ್ದಿದರು. ನನಗೆ ಬೇಕಿರುವುದೂ ಅದೇ. ಎದ್ದು ಕಾಣುವವರು ನೇರವಾಗಿ ಒಳಗೆ ಹೋಗಲಿ, ಗೆರೆಯ ಮೇಲಿರುವವರಿಗೆ ಚೀಟಿ ಇರಲಿ. 2017ರಲ್ಲಿ ಕೈಬಿಟ್ಟ ಪದ್ಧತಿಗೆ ಅವರು ಕೆಲವೇ ವರ್ಷಗಳಲ್ಲಿ ಮತ್ತೆ ಅನುಮತಿ ಕೊಟ್ಟರು.

ಲಾಟರಿ ಈಗಲೂ ಇದೆ ಅಲ್ಲವೇ? ಸೆಖೆ, ಜ್ವರ, ತಪ್ಪಿದ ಗಂಟೆ, ಬಿಟ್ಟುಹೋದ ಸಾಲು ಎಂದು ಅದಕ್ಕೆ ಬೇರೆ ಬೇರೆ ಹೆಸರು, ಅಷ್ಟೆ. ಸೋತ ಮಗುವಿಗೆ ಅದನ್ನು ಯಾರೂ ಹೇಳುವುದಿಲ್ಲ. ಅದು ಮನೆಗೆ ಹೋಗಿ ‘ನಾನು ದಡ್ಡ’ ಎನ್ನುತ್ತದೆ. ‘ಚೀಟಿ ಏಳಲಿಲ್ಲ’ ಎನ್ನಲು ಅದಕ್ಕೆ ದಾರಿಯೇ ಇಲ್ಲ.

ಆ ಹುಡುಗಿ ಅಳಲಿಲ್ಲ. ಉಳಿದ ಪ್ರಶ್ನೆಗಳನ್ನು ಸರಿಯಾದ ಸಾಲಿನಲ್ಲಿ ತುಂಬಿದಳು. ಹಾಳೆ ತೆಗೆದುಕೊಳ್ಳುವಾಗ ಅವಳ ಪ್ರಶ್ನೆ ಪತ್ರಿಕೆ ಕಣ್ಣಿಗೆ ಬಿತ್ತು. 23ರ ಪಕ್ಕದ ಖಾಲಿ ಜಾಗದಲ್ಲಿ ಲೆಕ್ಕವನ್ನು ಪೂರ್ತಿ ಮಾಡಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದಳು. ನಾನು ಪಾಠ ಮಾಡುವುದು ರಸಾಯನಶಾಸ್ತ್ರವನ್ನೇ. ಉತ್ತರ ಸರಿಯಿತ್ತು.